ವಿನೈಲ್ ಸೈಡಿಂಗ್ ಮನೆಗೆ ಹೊರಗಡೆ ಪೇಂಟ್ ನಾವೇ ಹೊಡೆಯೋದು ಹೇಗೆ

ಅಪ್ಪ ಹಾಸನದಿಂದ ನಮ್ಮ ನ್ಯೂಜೆರ್ಸಿ ಮನೆಗೆ ಬಂದ ಮಾರನೇ ದಿನ ಹೊರಗಡೆ ಗೋಡೆನ ಬೆರಳಲ್ಲಿ ಕುಟ್ಟಿ ನೋಡಿ "ಇದೇನೋ ಇದು, ಬಿಸ್ಕೆಟ್ ಡಬ್ಬ ಕುಟ್ಟಿದ ಹಾಗೆ ಟೊಳ್ಳು ಸದ್ದು ಬರುತ್ತೆ, ಗೋಡೆ ಎಲ್ಲೋ?" ಅಂತ ಕೇಳಿದ್ರು. ಗೋಡೆ ಒಳಗಿದೆ ಅಪ್ಪ, ಇದು ಮೇಲೆ ಹಾಕಿರೋ ಪ್ಲಾಸ್ಟಿಕ್ ರೇನ್‌ಕೋಟು ಅಷ್ಟೆ ಅಂದೆ. ಅದು ನಿಜಾನೇ. ನಮ್ಮೂರಲ್ಲಿ ನೀರಿನ ಪೈಪಿಗೆ ಬಳಸ್ತೀವಲ್ಲ ಆ ಪಿವಿಸಿನೇ ಇದು, ತೆಳ್ಳಗೆ ಹಲಗೆ ಥರ ಮಾಡಿ ಒಂದರ ಮೇಲೊಂದು ಸಿಕ್ಕಿಸಿರ್ತಾರೆ. ನಮ್ಮನೆ 1994ರಲ್ಲಿ ಕಟ್ಟಿದ್ದು, ಮುಂದೆ ಇಟ್ಟಿಗೆ, ಉಳಿದ ಮೂರು ಕಡೆ ವಿನೈಲ್, ಬಣ್ಣ ಬೀಜ್, ಅಂದ್ರೆ ತಿಳಿ ಕಂದು, ಅಂತ ಇತ್ತಂತೆ, ನಾವು ತಗೊಳ್ಳೋ ಹೊತ್ತಿಗೆ ಹಳೇ ಬನಿಯನ್ ಬಣ್ಣಕ್ಕೆ ತಿರುಗಿತ್ತು. ಪೇಂಟರ್ ಕೊಟ್ಟ ಕೊಟೇಶನ್ 6,800 ಡಾಲರ್ ನೋಡಿ ನಾನೇ ಹೊಡೀತೀನಿ ಅಂತ ಹೊರಟೆ. ಮಾಡಿ ಮುಗಿಸಿದೆ, ನಡುವೆ ಒಂದೆರಡು ಎಡವಟ್ಟೂ ಮಾಡ್ಕೊಂಡೆ, ಅದೆಲ್ಲ ಸೇರಿಸಿ ಬರೀತಿದೀನಿ, ಇಲ್ಲಿ ಅಮೆರಿಕ ಕೆನಡಾ ಕಡೆ ಇರೋ ನಮ್ಮವರಿಗೆ ಉಪಯೋಗ ಆಗ್ಬಹುದು.

ಮೊದಲು ಒಂದು ವಿಷಯ ತಲೇಲಿ ಕೂತ್ರೆ ಮುಂದಿನದೆಲ್ಲ ತಾನಾಗೇ ಅರ್ಥ ಆಗುತ್ತೆ. ಈ ಸೈಡಿಂಗ್ ಗೋಡೆಗೆ ಅಂಟಿಲ್ಲ, ನೇತಾಡ್ತಿದೆ. ಪ್ರತಿ ಪ್ಯಾನೆಲ್‌ನ ಮೇಲಂಚಲ್ಲಿ ಉದ್ದುದ್ದ ತೂತುಗಳಿರುತ್ತೆ, ಆ ತೂತಿನ ಮಧ್ಯಕ್ಕೆ ಮೊಳೆ ಹೊಡೆದಿರ್ತಾರೆ, ಅದೂ ಬಿಗಿಯಾಗಿ ಅಲ್ಲ, ಮೊಳೆ ತಲೆಗೂ ಪ್ಯಾನೆಲ್‌ಗೂ ನಡುವೆ ಒಂದು ಡೈಮ್ ನಾಣ್ಯ ತೂರೋ ಅಷ್ಟು ಜಾಗ ಬಿಟ್ಟು. ಯಾಕಂದ್ರೆ ಬಿಸಿಲಿಗೆ ಇದು ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ, 12 ಅಡಿ ಪ್ಯಾನೆಲ್ ಬೇಸಿಗೆಗೂ ಚಳಿಗಾಲಕ್ಕೂ ಅರ್ಧ ಇಂಚು, ಕೆಲವು ಸಲ ಅದಕ್ಕಿಂತ ಜಾಸ್ತಿನೇ ಓಡಾಡುತ್ತೆ. ಊರಲ್ಲಿ ಸಿಮೆಂಟ್ ಗೋಡೆಗೆ ಬಣ್ಣ ಹೊಡೆಯೋ ಲೆಕ್ಕದಲ್ಲಿ ಇದಕ್ಕೆ ಹೊಡೆದ್ರೆ ಕೆಟ್ಟಿರಿ ಅಂತಲೇ. ಯಾವ ಬಣ್ಣ, ಯಾವ ಹವಾಮಾನ, ಯಾವ ಸಂದಿ ತುಂಬಬೇಕು ಯಾವುದು ಬಿಡಬೇಕು, ಎಲ್ಲಾನೂ ಈ ಓಡಾಟಾನೇ ನಿರ್ಧಾರ ಮಾಡೋದು.

ಪೇಂಟ್ ಬೇಕೇ ಬೇಕಾ ಅನ್ನೋದನ್ನ ಮೊದಲು ನೋಡ್ಕೊಳಿ. ಸುಮಾರು ಜನ ಬಣ್ಣ ಹೋಗಿದೆ ಅಂದ್ಕೊಂಡಿರ್ತಾರೆ, ಅಲ್ಲಿ ಇರೋದು ಬರೀ ಪಾಚಿ, ಧೂಳು, ಮತ್ತೆ ಬಿಸಿಲಿಗೆ ಮೇಲೆದ್ದಿರೋ ಬಿಳಿ ಪುಡಿ. ಒಂದು ಕಪ್ಪು ಬಟ್ಟೆ ತಗೊಂಡು ಗೋಡೆ ಮೇಲೆ ಒರೆಸಿ, ಬಿಳೀ ಹಿಟ್ಟಿನ ಥರ ಬಂದ್ರೆ ಅದು ಚಾಕಿಂಗ್. ಒಂದು ಪ್ಯಾನೆಲ್ ಚೆನ್ನಾಗಿ ತೊಳೆದು ಒಣಗಿಸಿ ನೋಡಿ, ಕಣ್ಣಿಗೆ ಒಪ್ಪಿದ್ರೆ ಅಲ್ಲಿಗೇ ನಿಲ್ಲಿಸಿ, ದುಡ್ಡು ಉಳೀತು. ಯಾಕೆ ಹೇಳ್ತೀನಿ ಅಂದ್ರೆ ವಿನೈಲ್‌ನ ಬಣ್ಣ ಪ್ಯಾನೆಲ್‌ನ ಒಳಗೇ ಕಲೆಸಿರೋದು, ಸುಲಿಯಲ್ಲ ಉದುರಲ್ಲ, ಆದ್ರೆ ಒಂದ್ಸಲ ನೀವು ಪೇಂಟ್ ಹೊಡೆದ್ರಿ ಅಂದ್ರೆ ಆಮೇಲೆ ಇಷ್ಟು ವರ್ಷಕ್ಕೊಂದು ಸಲ ಹೊಡೀತಾನೇ ಇರ್ಬೇಕು. ಇನ್ನೊಂದು ಕಡೆ, ಪ್ಯಾನೆಲ್ ಮುಟ್ಟಿದ್ರೆ ಹಪ್ಪಳದ ಥರ ಮುರೀತಿದ್ರೆ, ಎಲ್ಲ ಕಡೆ ಬಿರುಕು ಬಿಟ್ಟು ಅಲೆಅಲೆಯಾಗಿ ಸೊಟ್ಟಗಾಗಿದ್ರೆ, ಅದಕ್ಕೆ ಪೇಂಟ್ ದಂಡ, ಬದಲಾಯಿಸೋದೇ ವಾಸಿ.

ಹಾಗೇ ಅದು ವಿನೈಲ್ ಹೌದಾ ಅಲ್ವಾ ಅಂತಾನೂ ಖಾತ್ರಿ ಮಾಡ್ಕೊಳಿ. ಹಳೇ ಮನೆಗಳಲ್ಲಿ ಅಲ್ಯುಮಿನಿಯಂ ಇರುತ್ತೆ, ಅದು ತಗ್ಗು ಬೀಳುತ್ತೆ, ಗೀರಿದ್ರೆ ಒಳಗೆ ಲೋಹ ಹೊಳೆಯುತ್ತೆ. ವಿನೈಲ್ ಗೀರಿದ್ರೂ ಒಳಗೂ ಅದೇ ಬಣ್ಣ, ಒತ್ತಿದ್ರೆ ಒಳಗೋಗಿ ವಾಪಸ್ ಬರುತ್ತೆ. ಕಲ್ಲಿನ ಥರ ಗಟ್ಟಿ ಅನ್ಸಿದ್ರೆ ಅದು ಫೈಬರ್ ಸಿಮೆಂಟು, ಅದರ ಕಥೆ ಬೇರೆ. ಮನೆ 1978ಕ್ಕಿಂತ ಹಳೇದಾಗಿದ್ರೆ ವಿನೈಲ್ ಕೆಳಗಿರೋ ಹಳೇ ಮರದ ಪೇಂಟಲ್ಲಿ ಸೀಸ ಇರೋ ಚಾನ್ಸ್ ಇದೆ, ಹಾಗಾಗಿ ಪ್ಯಾನೆಲ್ ಬಿಚ್ಚೋ ಕೆಲಸ ಇದ್ರೆ ಒಳಗಡೆ ಉಜ್ಜೋದು ಕೆರೆಯೋದು ಮಾಡ್ಬೇಡಿ, ಮೊದಲು ಟೆಸ್ಟ್ ಮಾಡ್ಸಿ.

ಇನ್ನು ಪೇಪರ್ ಕೆಲಸ. ಎಚ್‌ಒಎ, ಅಂದ್ರೆ ಬಡಾವಣೆಯ ಮನೆ ಮಾಲೀಕರ ಸಂಘ, ಇದ್ರೆ ಬಣ್ಣದ ಚೀಟಿ ಲಗತ್ತಿಸಿ ಫಾರಂ ತುಂಬಿ ಒಪ್ಪಿಗೆ ಕಾಗದ ಕೈಗೆ ಬರೋ ತನಕ ಡಬ್ಬ ತರಬೇಡಿ, ನಮ್ಮಲ್ಲಿ ಐದು ವಾರ ಹಿಡೀತು, "ಸೇಮ್ ಬಣ್ಣಾನೇ ಅಲ್ವಾ, ಸ್ವಲ್ಪ ತಿಳಿ ಅಷ್ಟೆ" ಅಂತೆಲ್ಲ ಬಾಯಲ್ಲಿ ಹೇಳಿದ್ದು ನಡೆಯಲ್ಲ. ಸೈಡಿಂಗ್ ಕಂಪನಿ ವಾರಂಟಿ ಇನ್ನೂ ಇದ್ರೆ ಅದನ್ನೂ ತೆಗೆದು ಓದಿ, ಪೇಂಟ್ ಹೊಡೆದ ತಕ್ಷಣ ಸಾಮಾನ್ಯವಾಗಿ ವಾರಂಟಿ ಹೋಗುತ್ತೆ. ನಮ್ಮದು ಮುಗಿದು ಯಾವ ಕಾಲ ಆಯ್ತೋ, ಚಿಂತೆ ಇರ್ಲಿಲ್ಲ.

ಬಣ್ಣ ಆರಿಸೋದು

ಇಲ್ಲೇ ಜಾಸ್ತಿ ಜನ ಮುಗ್ಗರಿಸೋದು. ಈಗ ಎಲ್ಲಾ ಕಡೆ ಕಡು ನೀಲಿ, ಕಲ್ಲಿದ್ದಲು ಬಣ್ಣದ ಮನೆಗಳದ್ದೇ ಫ್ಯಾಶನ್, ನಮ್ಮನೆಯವಳಿಗೂ ನೇವಿ ಬ್ಲೂ ಬೇಕಿತ್ತು. ಆದ್ರೆ ಗಾಢ ಬಣ್ಣ ಬಿಸಿಲು ಹೀರುತ್ತೆ, ತಿಳಿ ಬಣ್ಣಕ್ಕೆ ಅಂತ ಮಾಡಿರೋ ಪ್ಯಾನೆಲ್ ಅಷ್ಟು ಬಿಸಿ ತಡೆಯಲ್ಲ. ವಿನೈಲ್ ಸುಮಾರು 160 ಡಿಗ್ರಿ ಫ್ಯಾರನ್‌ಹೀಟ್ ಹತ್ರ ಮೆತ್ತಗಾಗೋಕೆ ಶುರುವಾಗುತ್ತೆ. ಆ ಮೇಲೆ ಅದು ಹಿಗ್ಗೋದು ಕುಗ್ಗೋದು ಅಲ್ಲ, ಸೊಟ್ಟಗಾಗಿ ಹಾಗೇ ಕೂತುಬಿಡುತ್ತೆ. ನಮ್ಮ ಕಡೆಯವರೊಬ್ಬರು ಮಾಮೂಲಿ ಕಪ್ಪುಬೂದಿ ಪೇಂಟು ಹೊಡೆಸಿದ್ರು, ಮುಂದಿನ ಜುಲೈ ಹೊತ್ತಿಗೆ ದಕ್ಷಿಣದ ಗೋಡೆ ಒಗೆದು ಹಿಂಡದೆ ಒಣಗಾಕಿದ ಪಂಚೆ ಥರ ಆಗಿತ್ತು. ಅದನ್ನ ನೇರ ಮಾಡೋಕೆ ಯಾವ ದಾರೀನೂ ಇಲ್ಲ, ಕಿತ್ತು ಬೇರೆ ಹಾಕ್ಬೇಕು.

ಹಳೇ ನಿಯಮ ಏನಂದ್ರೆ ಈಗಿರೋ ಬಣ್ಣಕ್ಕಿಂತ ಗಾಢಕ್ಕೆ ಹೋಗ್ಬಾರ್ದು. ಇದನ್ನ ಅಳೆಯೋಕೆ ಎಲ್‌ಆರ್‌ವಿ ಅಂತ ಒಂದು ನಂಬರ್ ಇದೆ, ಬಣ್ಣ ಎಷ್ಟು ಬೆಳಕು ವಾಪಸ್ ಕಳಿಸುತ್ತೆ ಅಂತ, ಸೊನ್ನೆ ಅಂದ್ರೆ ಕಡುಗಪ್ಪು, 100 ಅಂದ್ರೆ ಶುದ್ಧ ಬಿಳಿ. ಬಣ್ಣದ ಕಾರ್ಡಿನ ಹಿಂದೆ ಇಲ್ಲಾ ಕಂಪನಿ ವೆಬ್‌ಸೈಟಲ್ಲಿ ಬರೆದಿರ್ತಾರೆ. ನಿಮ್ಮ ಈಗಿನ ಬಣ್ಣಕ್ಕೆ ಹತ್ತಿರದ ಕಾರ್ಡು ಹುಡುಕಿ, ಅದರ ನಂಬರ್‌ಗಿಂತ ಕೆಳಗೆ ಇಳೀಬೇಡಿ. 55ರ ಮೇಲಿದ್ರೆ ಸೇಫ್ ಅಂತ ಸುಮಾರು ಪೇಂಟರ್‌ಗಳು ಲೆಕ್ಕ ಇಟ್ಕೊಂಡಿರ್ತಾರೆ. ಬಣ್ಣ ನೋಡುವಾಗ ಬಿಸಿಲಿಗೆ ಮಾಸಿರೋ ಕಡೆ ನೋಡ್ಬೇಡಿ, ಕಿಟಕಿ ಪಕ್ಕ ಅಲಂಕಾರಕ್ಕೆ ಹಾಕಿರೋ ಶಟರ್ ಹಿಂದೆ, ಮೀಟರ್ ಹಿಂದೆ ಮೂಲ ಬಣ್ಣ ಹಾಗೇ ಇರುತ್ತೆ, ಅದನ್ನ ಹಿಡಿದು ಲೆಕ್ಕ ಹಾಕಿ.

ಗಾಢವೇ ಬೇಕು ಅನ್ನೋರಿಗೆ ಈಗ ದಾರಿ ಇದೆ. ಶೆರ್ವಿನ್ ವಿಲಿಯಮ್ಸ್‌ನಲ್ಲಿ ವಿನೈಲ್‌ಸೇಫ್ ಅಂತ, ಬೆಂಜಮಿನ್ ಮೂರ್‌ನಲ್ಲಿ ವಿನೈಲ್‌ಗೆ ಅಂತಾನೇ ಬೇರೆ ಬಣ್ಣಗಳ ಪಟ್ಟಿ ಇದೆ. ಆ ಬಣ್ಣಗಳಲ್ಲಿ ಮಾಮೂಲಿ ಕಪ್ಪಿನ ಬದಲು ಸೂರ್ಯನ ಇನ್‌ಫ್ರಾರೆಡ್ ಶಾಖವನ್ನ ವಾಪಸ್ ಚಿಮ್ಮಿಸೋ ಪಿಗ್ಮೆಂಟ್ ಹಾಕಿರ್ತಾರೆ, ಕಣ್ಣಿಗೆ ಕಡುನೀಲಿ ಕಂಡ್ರೂ ಅಷ್ಟು ಕಾಯಲ್ಲ. ಒಂದೇ ಒಂದು ಎಚ್ಚರಿಕೆ, ಪಟ್ಟಿಲಿರೋ ಬಣ್ಣದ ಹೆಸರು ಹೇಳಿದ್ರೆ ಸಾಲ್ದು, ಕೌಂಟರಲ್ಲಿ "ವಿನೈಲ್‌ಸೇಫ್ ಫಾರ್ಮುಲಾದಲ್ಲೇ ಮಿಕ್ಸ್ ಮಾಡಿ" ಅಂತ ಬಾಯಿಬಿಟ್ಟು ಹೇಳಿ, ಡಬ್ಬದ ಮೇಲಿನ ಲೇಬಲ್‌ನಲ್ಲಿ ಅದು ಪ್ರಿಂಟ್ ಆಗಿದೆಯಾ ನೋಡ್ಕೊಂಡೇ ಅಂಗಡಿ ಬಿಡಿ. ಅದೇ ಹೆಸರಿನ ಬಣ್ಣಾನ ಮಾಮೂಲಿ ಟಿಂಟ್‌ನಲ್ಲೂ ಮಾಡ್ಕೊಡ್ಬಹುದು, ಅದು ಕೆಲಸಕ್ಕೆ ಬರಲ್ಲ. ಇಷ್ಟೆಲ್ಲ ಓದಿ ನಾವು ಕೊನೆಗೆ ಏನು ತಗೊಂಡ್ವಿ ಅಂದ್ರೆ ತಿಳಿ ಬೂದು ಹಸಿರು. ನೇವಿ ಬ್ಲೂ ಮುಂಬಾಗಿಲಿಗೆ ಸಿಕ್ತು, ಮನೇಲಿ ಶಾಂತಿ.

ಇನ್ನೊಂದು, ನಿಮ್ಮ ಗೋಡೇಲಿ ಒಂದೇ ಜಾಗ ಈಗಾಗಲೇ ಕರಗಿದ ಥರ ಇದ್ದು, ಅಲ್ಲಿ ಬಾರ್ಬೆಕ್ಯೂ ಗ್ರಿಲ್ ಇಟ್ಟಿಲ್ಲ ಅಂದ್ರೆ, ಪಕ್ಕದ ಮನೆ ಕಿಟಕಿ ನೋಡಿ. ಶಾಖ ತಡೆಯೋ ಲೇಪನ ಇರೋ ಹೊಸ ಲೋ-ಇ ಗಾಜುಗಳು ಬಿಸಿಲನ್ನ ಭೂತಗನ್ನಡಿ ಥರ ಒಂದೇ ಕಡೆ ಬೀಳಿಸಿ ವಿನೈಲ್ ಕರಗಿಸ್ತವೆ. ಅದಕ್ಕೆ ಯಾವ ಪೇಂಟೂ ಔಷಧಿ ಅಲ್ಲ, ಆ ಗಾಜಿನ ಹೊರಗೆ ಪೂರ್ತಿ ಜಾಲರಿ ಹಾಕಿದ್ರೆ ಬೆಳಕು ಚದುರಿ ನಿಲ್ಲುತ್ತೆ, ಅಂದ್ರೆ ಪಕ್ಕದವರ ಹತ್ರ ಒಳ್ಳೇ ಮಾತಲ್ಲಿ ಕೇಳ್ಕೋಬೇಕು.

ಪೇಂಟು ಮತ್ತು ಲೆಕ್ಕ

ಪೇಂಟು 100 ಪರ್ಸೆಂಟ್ ಅಕ್ರಿಲಿಕ್ ಲೇಟೆಕ್ಸ್ ಆಗಿರ್ಬೇಕು, ಯೂರೆಥೇನ್ ಸೇರಿಸಿರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು, ಆಯಿಲ್ ಪೇಂಟ್ ಬೇಡವೇ ಬೇಡ. ಆಯಿಲ್ ಪೇಂಟ್ ಗಟ್ಟಿಯಾಗಿ ಒಣಗುತ್ತೆ, ಕೆಳಗಿನ ಪ್ಯಾನೆಲ್ ಹಿಗ್ಗಿದಾಗ ಜೊತೆಗೆ ಹಿಗ್ಗಕ್ಕಾಗದೆ ಬಿರುಕು ಬಿಡುತ್ತೆ. ಅಕ್ರಿಲಿಕ್ ರಬ್ಬರ್ ಥರ ಜೊತೇಲಿ ಹೋಗಿ ಬರುತ್ತೆ. ಹೊಳಪು ಸ್ಯಾಟಿನ್, ಅಂದ್ರೆ ಮಂದವಾಗಿ ಹೊಳೆಯೋದು ಸಾಕು, ಪಳಪಳ ಹೊಳೆಯೋ ಗ್ಲಾಸಿ ಪೇಂಟ್ ಹೊಡೆದ್ರೆ ಪ್ಯಾನೆಲ್‌ನ ಒಂದೊಂದು ಅಲೆನೂ ಎದ್ದು ಕಾಣುತ್ತೆ.

ಎಷ್ಟು ಬೇಕು? ನಮ್ಮನೆ ಲೆಕ್ಕ ಹೇಳ್ತೀನಿ. ವಿನೈಲ್ ಇರೋ ಮೂರು ಬದಿ 30, 40, 30 ಅಡಿ, ಒಟ್ಟು 100 ಅಡಿ, ಎತ್ತರ 18 ಅಡಿ, ಅಲ್ಲಿಗೆ 1,800 ಸ್ಕ್ವೇರ್ ಫೀಟ್. ಎರಡು ಕಡೆ ಮೇಲಿನ ತ್ರಿಕೋನ, 30 ಅಡಿ ಅಗಲ 8 ಅಡಿ ಎತ್ತರ, ಒಂದೊಂದು 120, ಎರಡೂ ಸೇರಿ 240. ಕಿಟಕಿ ಬಾಗಿಲು ಕಳೆದ್ರೆ ಸುಮಾರು 240 ಹೋಯ್ತು. ಹಾಗಾಗಿ 1,800ಕ್ಕೇ ಬಂತು. ಎರಡು ಕೋಟ್ ಅಂದ್ರೆ 3,600. ಒಂದು ಗ್ಯಾಲನ್ 350ರಿಂದ 400 ಸ್ಕ್ವೇರ್ ಫೀಟ್ ಬರುತ್ತೆ ಅಂತ ಡಬ್ಬದ ಮೇಲಿರುತ್ತೆ, ನಾನು ಕಮ್ಮಿದೇ ಹಿಡಿದೆ, 11 ಗ್ಯಾಲನ್, ಅಂದ್ರೆ ಐದು ಗ್ಯಾಲನ್‌ದು ಎರಡು ಬಕೆಟ್, ಒಂದು ಗ್ಯಾಲನ್ ಬಿಡಿ. ಎಲ್ಲಾನೂ ಒಂದೇ ದಿನ ಒಂದೇ ಅಂಗಡೀಲಿ ಮಾಡ್ಸಿ, ಮನೇಲಿ ದೊಡ್ಡ ಬಕೆಟಲ್ಲಿ ಒಂದಕ್ಕೊಂದು ಬೆರೆಸ್ಕೊಳಿ, ಇಲ್ಲಾಂದ್ರೆ ಗೋಡೆ ಮಧ್ಯೆ ಡಬ್ಬ ಬದಲಾದ ಜಾಗ ಗೊತ್ತಾಗಿಬಿಡುತ್ತೆ. ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ಹತ್ರ ಪೇಂಟ್ ಅಂಗಡಿಗಳಲ್ಲಿ ಒಳ್ಳೇ ಸೇಲ್ ಬರುತ್ತೆ, ಮೊದಲೇ ಬಣ್ಣ ಫಿಕ್ಸ್ ಮಾಡ್ಕೊಂಡು ಕಾಯಿರಿ.

ಬಿರುಕು ಬಿಟ್ಟ ಪ್ಯಾನೆಲ್

ನಮ್ಮಲ್ಲಿ ಲಾನ್ ಮೂವರ್‌ನಿಂದ ಕಲ್ಲು ಸಿಡಿದು ಎರಡು ಪ್ಯಾನೆಲ್ ತೂತಾಗಿತ್ತು. ಇದು ಕಂಡಷ್ಟು ಕಷ್ಟ ಅಲ್ಲ. ಜಿಪ್ ಟೂಲ್ ಅಂತ ಬಾಗಿದ ಕೊಕ್ಕೆ ಇರೋ ಸಣ್ಣ ಪಟ್ಟಿ ಸಿಗುತ್ತೆ, ಹತ್ತು ಡಾಲರ್ ಒಳಗೇ. ಒಡೆದ ಪ್ಯಾನೆಲ್‌ನ ಮೇಲಿನ ಪ್ಯಾನೆಲ್‌ನ ಕೆಳತುಟಿಗೆ ಸಿಕ್ಕಿಸಿ ಕೆಳಕ್ಕೆ ಜಗ್ಗಿ ಹಾಗೇ ಅಡ್ಡಡ್ಡ ಎಳ್ಕೊಂಡು ಹೋದ್ರೆ ಪಟಪಟ ಅಂತ ಬಿಚ್ಕೊಳುತ್ತೆ. ಒಳಗೆ ಮೊಳೆ ಕಾಣುತ್ತೆ, ಕೀಳಿ, ಹೊಸದನ್ನ ಕೆಳಗಿಂದ ಸಿಕ್ಕಿಸಿ, ತೂತಿನ ಮಧ್ಯಕ್ಕೆ ಮೊಳೆ ಹೊಡೆದು ಡೈಮ್ ದಪ್ಪ ಸಡಿಲ ಬಿಡಿ. ಹೊಡೆದ ಮೇಲೆ ಪ್ಯಾನೆಲ್‌ನ ಎಡಕ್ಕೆ ಬಲಕ್ಕೆ ಸರಿಸಿ ನೋಡಿ, ಸರಿದ್ರೆ ಸರಿ. ಅದೇ ಡಿಸೈನ್ ಅಂಗಡೀಲಿ ಸಿಗ್ಲಿಲ್ಲ ಅಂದ್ರೆ ಯಾರಿಗೂ ಕಾಣದ ಕಡೆಯಿಂದ, ನಾನು ಡೆಕ್ ಕೆಳಗಿಂದ ತೆಗೆದೆ, ಒಳ್ಳೇ ಪ್ಯಾನೆಲ್ ಬಿಚ್ಚಿ ಮುಂದಕ್ಕೆ ಹಾಕಿ. ಹೇಗೂ ಪೇಂಟ್ ಹೊಡೀತೀವಲ್ಲ, ಬಣ್ಣ ಹೊಂದಿಸೋ ತಲೆಬಿಸಿ ಇಲ್ಲ. ಈ ಕೆಲಸ ಚಳೀಲಿ ಮಾತ್ರ ಮಾಡ್ಬೇಡಿ, ತಣ್ಣಗಿದ್ದಾಗ ವಿನೈಲ್ ಗಾಜಿನ ಥರ ಚಟ್ ಅಂತ ಒಡೆಯುತ್ತೆ.

ತೊಳೆಯೋದು

ಪೇಂಟ್ ನಿಲ್ಲೋದು ಬಿಡೋದು ತೊಳೆಯೋದ್ರ ಮೇಲೇನೇ, ಹಾಗಾಗಿ ಇದಕ್ಕೆ ಒಂದು ಪೂರ್ತಿ ವೀಕೆಂಡ್ ಕೊಡಿ. ಉತ್ತರದ ಗೋಡೇಲಿ ಹಸಿರು ಪಾಚಿ ಗ್ಯಾರಂಟಿ ಇರುತ್ತೆ. 70 ಭಾಗ ನೀರಿಗೆ 30 ಭಾಗ ಬಿಳಿ ವಿನೆಗರ್ ಬೆರೆಸಿ, ಉದ್ದ ಕೋಲಿನ ಮೆತ್ತನೆ ಬ್ರಶ್‌ನಲ್ಲಿ ಉಜ್ಜಿದ್ರೆ ಸಾಮಾನ್ಯ ಪಾಚಿ ಬೂಷ್ಟೆಲ್ಲ ಹೋಗುತ್ತೆ. ಜಿಗುಟಾಗಿರೋ ಕಡೆ ಡಿಟರ್ಜೆಂಟ್ ನೀರಿಗೆ ಸ್ವಲ್ಪ ಬ್ಲೀಚ್ ಹಾಕ್ಬಹುದು, ಆದ್ರೆ ವಿನೆಗರೂ ಬ್ಲೀಚೂ ಯಾವ ಕಾರಣಕ್ಕೂ ಒಟ್ಟಿಗೆ ಸೇರಿಸ್ಬೇಡಿ, ಒಂದೇ ಬಕೆಟ್ ತೊಳೀದೆ ಬಳಸೋದೂ ಬೇಡ, ಕ್ಲೋರಿನ್ ಗ್ಯಾಸ್ ಬರುತ್ತೆ, ತಮಾಷೆ ಅಲ್ಲ. ಸೋಪು ಹಚ್ಚೋದು ಕೆಳಗಿಂದ ಮೇಲಕ್ಕೆ, ಮೇಲಿಂದ ಹಚ್ಚಿದ್ರೆ ಕೊಳೆನೀರು ಒಣಗೋಡೆ ಮೇಲೆ ಇಳಿದು ಗೆರೆ ಬೀಳುತ್ತೆ. ನೀರು ಹಾಕಿ ತೊಳೆಯೋದು ಮೇಲಿಂದ ಕೆಳಕ್ಕೆ.

ಪ್ರೆಶರ್ ವಾಶರ್ ಇದ್ರೆ ಅಗಲ ಚಿಮ್ಮೋ ಬಿಳಿ 40 ಡಿಗ್ರಿ ನಾಝಲ್ ಹಾಕಿ, ಪ್ರೆಶರ್ ಕಮ್ಮಿ ಇಟ್ಟು, ನೇರವಾಗಿ ಇಲ್ಲಾ ಸ್ವಲ್ಪ ಕೆಳಮುಖವಾಗಿ ಹೊಡೀರಿ. ಕೆಳಗೆ ನಿಂತ್ಕೊಂಡು ಮೇಲ್ಮುಖವಾಗಿ ಹೊಡೆದ್ರೆ ನೀರು ಪ್ಯಾನೆಲ್ ಸಂದೀಲಿ ತೂರಿ ಒಳಗಿನ ಮರದ ಶೀಟ್‌ವರೆಗೂ ಹೋಗುತ್ತೆ. ನನಗಂತೂ ಹೋಸು ಬ್ರಶ್ಶೇ ಸಾಕಾಯ್ತು. ಒಣಗಿದ ಮೇಲೆ ಮತ್ತೆ ಕಪ್ಪು ಬಟ್ಟೇಲಿ ಒರೆಸಿ, ಇನ್ನೂ ಬಿಳಿ ಪುಡಿ ಬಂದ್ರೆ ಇನ್ನೊಂದ್ಸಲ ತೊಳೀಬೇಕು, ಪುಡಿ ಮೇಲೆ ಹೊಡೆದ ಪೇಂಟು ಪುಡಿ ಜೊತೇಲೇ ಎದ್ದು ಬರುತ್ತೆ. ತೊಳೆದು ಒಂದೆರಡು ದಿನ ಒಣಗೋಕೆ ಬಿಡಿ.

ಪ್ರೈಮರ್ ಬಗ್ಗೆ ಎಲ್ಲರೂ ಕೇಳ್ತಾರೆ. ಮೇಲ್ಮೈ ನಯವಾಗಿದ್ರೆ ಒಳ್ಳೇ ಪೇಂಟಿಗೆ ಪ್ರೈಮರ್ ಬೇಕಾಗಲ್ಲ. ಸಣ್ಣ ಸಣ್ಣ ಗುಳಿ ಬಿದ್ದು ಒರಟಾಗಿದ್ರೆ ಅಕ್ರಿಲಿಕ್ ಬಾಂಡಿಂಗ್ ಪ್ರೈಮರ್ ಒಂದು ಕೋಟ್ ಹಾಕಿ. ಅನುಮಾನ ಇದ್ರೆ ಮೂಲೇಲಿ ಅಂಗೈಯಗಲ ಪೇಂಟ್ ಹೊಡೆದು ಎರಡು ಮೂರು ದಿನ ಬಿಟ್ಟು ಟೇಪ್ ಅಂಟಿಸಿ ಸರಕ್ಕನೆ ಕೀಳಿ, ಟೇಪಲ್ಲಿ ಪೇಂಟ್ ಬಂದ್ರೆ ಪ್ರೈಮರ್ ಬೇಕು ಅಂತರ್ಥ.

ಬಿಚ್ಚೋದು, ಮುಚ್ಚೋದು

ಶಟರ್, ಮನೆ ನಂಬರ್, ಹೋಸ್ ಸುತ್ತೋ ಸ್ಟ್ಯಾಂಡ್ ಎಲ್ಲ ಬಿಚ್ಚಿ, ಲೈಟ್ ಬಿಚ್ಚೋ ಮುಂಚೆ ಬ್ರೇಕರ್ ಆಫ್ ಮಾಡಿ. ಶಟರ್ ಬಿಚ್ಚುವಾಗ ಹುಷಾರು, ಅದರ ಹಿಂದೆ ಕಣಜದ ಗೂಡು ಇರೋದು ಮಾಮೂಲು. ನಾನು ಮಟಮಟ ಮಧ್ಯಾಹ್ನ ಸ್ಕ್ರೂ ಬಿಚ್ಚಿ ಶಟರ್ ಎತ್ತಿದೆ, ಏಣಿ ಇಳಿದ ವೇಗ ನೋಡಿ ಅಪ್ಪ ಒಂದು ವಾರ ನಕ್ಕರು, ನನ್ನ ಕಿವಿ ಎರಡು ದಿನ ಇಡ್ಲಿ ಥರ ಊದಿತ್ತು. ಮೊದಲು ಶಟರ್‌ಗೆ ಮೆತ್ತಗೆ ತಟ್ಟಿ ದೂರ ನಿಂತು ನೋಡಿ.

ಕಿಟಕಿ ಬಾಗಿಲಿಗೆ ಪ್ಲಾಸ್ಟಿಕ್ ಶೀಟು, ಟೇಪು. ಎಸಿಯ ಹೊರಗಿನ ಯೂನಿಟ್ ಮುಚ್ಚೋ ಮುಂಚೆ ಎಸಿ ಆಫ್ ಮಾಡಿ, ಮುಚ್ಚಿರೋವಾಗ ಆನ್ ಮಾಡ್ಬೇಡಿ. ಡ್ರೈಯರ್ ಗಾಳಿ ಬರೋ ತೂತು ಮುಚ್ಚಿದ್ರೆ ಆವತ್ತು ಬಟ್ಟೆ ಹಾಕ್ಬೇಡಿ. ಗ್ಯಾಸ್ ಮೀಟರ್ ಹತ್ರ ಬ್ರಶ್‌ನಲ್ಲಿ ನಿಧಾನಕ್ಕೆ ಹೊಡೀರಿ, ಮೀಟರ್ ಮೇಲೆ ಪೇಂಟ್ ಬೀಳ್ಬಾರ್ದು, ಅದರ ರೆಗ್ಯುಲೇಟರ್‌ನ ಸಣ್ಣ ಗಾಳಿತೂತು ಮುಚ್ಚಲೇಬಾರ್ದು.

ಸಂದಿ ತುಂಬಬೇಡಿ

ಇಲ್ಲಿ ನಾನು ಅಪ್ಪ ಸೇರಿ ಮಾಡಿದ ಎಡವಟ್ಟು ಹೇಳ್ಬೇಕು. ಕಿಟಕಿ ಸುತ್ತ ಜೆ-ಚಾನೆಲ್ ಅಂತ ಒಂದು ಪಟ್ಟಿ ಇರುತ್ತೆ, ಪ್ಯಾನೆಲ್‌ನ ತುದಿ ಅದರೊಳಗೆ ಹೋಗಿ ಕೂರುತ್ತೆ, ನಡುವೆ ಕಾಲು ಇಂಚು ಸಂದಿ ಬಿಟ್ಟಿರ್ತಾರೆ. ಅಪ್ಪ ಅದನ್ನ ನೋಡಿ "ಸಂದಿ ಬಿಟ್ರೆ ಮಳೆನೀರು ಒಳಗೋಗುತ್ತೆ ಕಣೋ, ಬಣ್ಣ ಹೊಡೆಯೋಕೆ ಮುಂಚೆ ತುಂಬಿಸ್ಬಿಡು" ಅಂದ್ರು. ಊರಲ್ಲಿ ಅದೇ ಸರಿ, ಅಲ್ಲಿ ಬಿರುಕು ಕಂಡ್ರೆ ಪುಟ್ಟಿ ತುಂಬಿಸದೆ ಯಾವ ಪೇಂಟರೂ ಬ್ರಶ್ ಎತ್ತಲ್ಲ. ನಾನೂ ಹೂಂ ಅಂತ ಬೆಳಗ್ಗೆ ಏಳು ಗಂಟೆಗೆ ಪಶ್ಚಿಮದ ಗೋಡೆಯ ಒಂದು ಕಿಟಕಿಗೆ ಕಾಲ್ಕ್, ಅದೇ ಗನ್ನಲ್ಲಿ ಒತ್ತಿ ಹಾಕೋ ಪೇಸ್ಟು, ನೀಟಾಗಿ ತುಂಬಿಸಿ ಬೆರಳಲ್ಲಿ ಸವರಿದೆ. ಸಂಜೆ ನಾಲ್ಕಕ್ಕೆ ಬಂದು ನೋಡಿದ್ರೆ ಬಿಸಿಲಿಗೆ ಪ್ಯಾನೆಲ್ ಹಿಗ್ಗಿ, ಟ್ಯೂಬ್ ಒತ್ತಿದಾಗ ಟೂತ್‌ಪೇಸ್ಟ್ ಬರೋ ಥರ ಕಾಲ್ಕ್ ಪೂರ್ತಿ ಆಚೆ ಬಂದು ಸಾಲಾಗಿ ನೇತಾಡ್ತಿತ್ತು. ಮಾರನೇ ಬೆಳಗ್ಗೆ ತಂಪಿಗೆ ಕುಗ್ಗಿ ಅದೇ ಜಾಗದಲ್ಲಿ ಕೂದಲೆಳೆ ಸಂದಿ ವಾಪಸ್. ಅಪ್ಪ ಅದನ್ನ ಬಗ್ಗಿ ನೋಡಿ "ಓ, ಇದು ರೈಲ್ವೆ ಹಳಿ ಥರ ಅನ್ನು" ಅಂದ್ರು, ಇಷ್ಟು ಚೆನ್ನಾಗಿ ನನಗೂ ಹೇಳಕ್ಕೆ ಬಂದಿರ್ಲಿಲ್ಲ. ಅದನ್ನ ಕಟ್ಟರ್‌ನಲ್ಲಿ ಕೆರೆದು ತೆಗೆಯೋಕೆ ಅರ್ಧ ದಿನ ಹೋಯ್ತು.

ನೀರು ಒಳಗೋಗುತ್ತೆ ಅನ್ನೋದೂ ನಿಜ, ಆದ್ರೆ ಅದು ಗೊತ್ತಿದ್ದೇ ಮಾಡಿರೋ ವ್ಯವಸ್ಥೆ. ವಿನೈಲ್ ಹಿಂದೆ ನೀರು ತಡೆಯೋ ಹಾಳೆ ಸುತ್ತಿರ್ತಾರೆ, ಒಳಗೆ ಬಂದ ನೀರು ಅದರ ಮೇಲೆ ಇಳಿದು ಪ್ಯಾನೆಲ್‌ನ ಕೆಳಂಚಲ್ಲಿರೋ ಸಣ್ಣ ತೂತುಗಳಿಂದ, ವೀಪ್ ಹೋಲ್ ಅಂತಾರೆ, ಆಚೆ ಹೋಗುತ್ತೆ. ಆ ತೂತು, ಪ್ಯಾನೆಲ್‌ಗಳು ಒಂದರ ಮೇಲೊಂದು ಬರೋ ಜಾಗ, ಜೆ-ಚಾನೆಲ್ ಸಂದಿ, ಮೂಲೆ ಪಟ್ಟಿಯ ಸಂದಿ, ಇವ್ಯಾವನ್ನೂ ಕಾಲ್ಕ್‌ನಿಂದ ತುಂಬಬೇಡಿ, ಪೇಂಟಿಂದಲೂ ಕಟ್ಟಿಹಾಕ್ಬೇಡಿ.

ಹೊಡೆಯೋ ದಿನ

ನ್ಯೂಜೆರ್ಸೀಲಿ ಮೇ ತಿಂಗಳು, ಇಲ್ಲಾ ಸೆಪ್ಟೆಂಬರಿಂದ ಅಕ್ಟೋಬರ್ ಮೊದಲ ವಾರ ಒಳ್ಳೇ ಕಾಲ. ಟೆಂಪರೇಚರ್ 50ರಿಂದ 85 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಇರ್ಬೇಕು, ಕೆಲವು ಪೇಂಟ್ 35ಕ್ಕೂ ಹೊಡೀಬಹುದು ಅಂತ ಬರೆದಿರ್ತಾರೆ, ನಾನಂತೂ ಅಷ್ಟು ತನಕ ಹೋಗಲ್ಲ. ಗಾಳಿ ಟೆಂಪರೇಚರ್ ನೋಡಿದ್ರೆ ಸಾಲ್ದು, ಬಿಸಿಲು ಬಿದ್ದ ಪ್ಯಾನೆಲ್ ಅದಕ್ಕಿಂತ ಎಷ್ಟೋ ಬಿಸಿ ಇರುತ್ತೆ, ಅಂಗೈ ಇಟ್ಟು ನೋಡಿ, ಆರಾಮಾಗಿ ಇಟ್ಕೊಳ್ಳಕ್ಕಾಗಲ್ಲ ಅಂದ್ರೆ ಹೊಡೀಬೇಡಿ. ಬಿಸಿ ಗೋಡೆ ಮೇಲೆ ಪೇಂಟ್ ಹಚ್ಚಿದ ಕೂಡ್ಲೇ ಒಣಗಿ ಬ್ರಶ್ ಗೆರೆ ಉಳ್ಕೊಳುತ್ತೆ, ಸರಿಯಾಗಿ ಕಚ್ಚಲ್ಲ. ಹಾಗಾಗಿ ನೆರಳು ಹಿಡ್ಕೊಂಡು ಮನೆ ಸುತ್ತ ಹೋಗಿ. ಪಶ್ಚಿಮದ ಗೋಡೆ ಬೆಳಗ್ಗೆ, ಪೂರ್ವದ್ದು ಮಧ್ಯಾಹ್ನದ ಮೇಲೆ, ಉತ್ತರ ಯಾವಾಗ ಬೇಕಾದ್ರೂ, ದಕ್ಷಿಣಕ್ಕೆ ಮೋಡ ಮುಸುಕಿದ ದಿನ ಕಾಯಿರಿ. ಬೆಳಗ್ಗೆ ಇಬ್ಬನಿ ಆರೋ ತನಕ ಶುರು ಮಾಡ್ಬೇಡಿ, ಸಂಜೆ ಇಬ್ಬನಿ ಬೀಳೋಕೆ ಎರಡು ಮೂರು ಗಂಟೆ ಮುಂಚೆ ನಿಲ್ಲಿಸಿ.

ಸ್ಪ್ರೇಯರ್ ಬಾಡಿಗೆಗೆ ಸಿಗುತ್ತೆ, ಬೇಗ ಆಗುತ್ತೆ, ಅದರಲ್ಲೇನೂ ಸುಳ್ಳಿಲ್ಲ. ಆದ್ರೆ ಮಾಸ್ಕಿಂಗ್, ಅಂದ್ರೆ ಟೇಪು ಶೀಟು ಹಾಕಿ ಮುಚ್ಚೋ ಕೆಲಸ ಮೂರು ಪಟ್ಟು, ಸ್ವಲ್ಪ ಗಾಳಿ ಬೀಸಿದ್ರೂ ಪಕ್ಕದವರ ಕಾರಿನ ಮೇಲೆ ಚುಕ್ಕಿ. ಮೊದಲನೇ ಸಲ ಹೊಡೆಯೋರಿಗೆ ನಾನು ಹೇಳೋದು ಬ್ರಶ್ಶು ಮತ್ತು ಸಣ್ಣ ರೋಲರ್. ನಮ್ಮ ಸೈಡಿಂಗ್‌ನಲ್ಲಿ ಒಂದೊಂದು ಸಾಲು 4 ಇಂಚು, ಅದಕ್ಕೆ 4 ಇಂಚಿನ ರೋಲರ್ ಹೇಳಿ ಮಾಡಿಸಿದ ಹಾಗಿತ್ತು, ಜೊತೆಗೆ ಎರಡೂವರೆ ಇಂಚಿನ ಓರೆ ಬ್ರಶ್ಶು.

ಕೆಲಸ ಮೇಲಿಂದ ಕೆಳಕ್ಕೆ. ಮೂರು ಸಾಲು ಒಟ್ಟಿಗೆ ಹಿಡೀರಿ. ಮೊದಲು ಮೂರೂ ಸಾಲಿನ ಕೆಳಗಿನ ತುಟಿ, ನೆಲದ ಕಡೆ ಮುಖ ಮಾಡಿರೋ ಆ ಅರ್ಧ ಇಂಚಿನ ಅಂಚು, ಬ್ರಶ್‌ನಲ್ಲಿ ಎಳೆಯಿರಿ. ಇದನ್ನ ಮರೆತ್ರೆ ಏಣಿ ಮೇಲಿಂದ ಗೊತ್ತಾಗಲ್ಲ, ಅಂಗಳದಲ್ಲಿ ನಿಂತು ತಲೆ ಎತ್ತಿದ್ರೆ ಸಾಲು ಸಾಲಾಗಿ ಹಳೇ ಬಣ್ಣ ಹಲ್ಲು ಕಿರಿಯುತ್ತೆ. ಆಮೇಲೆ ರೋಲರ್‌ನಲ್ಲಿ ಮುಖ ತುಂಬಿಸಿ, ಹಿಂದೇನೇ ಬ್ರಶ್‌ನಲ್ಲಿ ಉದ್ದುದ್ದಕ್ಕೆ ಒಂದ್ಸಲ ಸವರಿ, ವಿನೈಲ್ ಮೇಲೆ ಮರದ ಎಳೆ ಥರ ಗೀರು ಮೂಡಿಸಿರ್ತಾರೆ, ಬ್ರಶ್ ಆಡಿಸಿದ್ರೇನೇ ಅದರೊಳಗೆ ಪೇಂಟ್ ಇಳಿಯೋದು. ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೂ ಆ ಮೂರು ಸಾಲು ಮುಗಿಸದೆ ಕಾಫಿಗೆ ಇಳೀಬೇಡಿ, ಮಧ್ಯೆ ಬಿಟ್ರೆ ಒಣಗಿದ ಅಂಚಿನ ಗೆರೆ ಆಮೇಲೆ ಎರಡು ಕೋಟ್ ಹೊಡೆದ್ರೂ ಹೋಗಲ್ಲ. ತೆಳ್ಳಗೆ ಹಚ್ಚಿ. ಪೇಂಟ್ ಸುರಿದು ಸಾಲಿನ ಸಂದೀಲಿ ನಿಂತು ಒಣಗಿದ್ರೆ ಎರಡು ಪ್ಯಾನೆಲ್ ಅಂಟಿ ಬೆಸೆದುಹೋಗುತ್ತೆ, ಆಮೇಲೆ ಹಿಗ್ಗೋಕೆ ಜಾಗ ಇಲ್ದೆ ಉಬ್ಬುತ್ತೆ. ಎರಡನೇ ಕೋಟು ಡಬ್ಬದ ಮೇಲೆ 4 ಗಂಟೆ ಅಂತಿದ್ರೂ ತಂಪು ದಿನದಲ್ಲಿ ಮಾರನೇ ದಿನಕ್ಕೇ ಇಟ್ಕೊಳಿ.

ಏಣಿ ವಿಷಯ ಚಿಕ್ಕದಾಗಿ ಹೇಳ್ತೀನಿ. ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಆಚೆ, ಮೇಲ್ಗಡೆ ಏಣೀನ ಗೋಡೆಯಿಂದ ದೂರ ಹಿಡಿಯೋ ಸ್ಟೆಬಿಲೈಸರ್ ಅನ್ನೋ ಅಡ್ಡಕಂಬಿ ಹಾಕಿ, ಬರೀ ಏಣಿ ಒರಗಿಸಿದ್ರೆ ವಿನೈಲ್ ತಗ್ಗುತ್ತೆ. ಕರೆಂಟ್ ತಂತಿಯಿಂದ ಕಮ್ಮಿ ಅಂದ್ರೂ 10 ಅಡಿ ದೂರ. ಮೇಲಿನ ತ್ರಿಕೋನದ ತುದಿ ನೋಡಿ ಅಪ್ಪ "ಸಾರ್ವೆ ಕಟ್ಟಿಸದೆ ಅಲ್ಲಿಗೆ ಹತ್ತಕೂಡದು" ಅಂತ ಖಡಾಖಂಡಿತ ಹೇಳಿಬಿಟ್ರು, ಅದೊಂದು ಭಾಗಕ್ಕೆ ಪೇಂಟರ್ ಕರೆಸಿದೆ, ಪೇಂಟ್ ನಮ್ಮದೇ, ಕೂಲಿ 600 ಡಾಲರ್. ಆ ದುಡ್ಡಿನ ಬಗ್ಗೆ ನನಗೆ ಒಂಚೂರೂ ಬೇಜಾರಿಲ್ಲ. ಉಳಿದದ್ದು ಮೂರು ವೀಕೆಂಡಲ್ಲಿ ಮುಗೀತು.

ಟೇಪನ್ನ ಪೇಂಟ್ ಪೂರ್ತಿ ಗಟ್ಟಿ ಆಗೋ ಮುಂಚೆನೇ ಕೀಳಿ. ಬ್ರಶ್ ತೊಳೆದ ನೀರನ್ನ ರಸ್ತೆ ಪಕ್ಕದ ಮಳೆನೀರು ಚರಂಡಿಗೆ ಬಿಡಬೇಡಿ, ಅದು ಸೀದಾ ಹಳ್ಳಕ್ಕೆ ಹೋಗುತ್ತೆ, ಒಳಗಿನ ಸಿಂಕಲ್ಲಿ ತೊಳೀರಿ. ಹೊಸ ಪೇಂಟ್ ಮುಟ್ಟಿದ್ರೆ ಒಣಗಿದೆ ಅನ್ಸಿದ್ರೂ ಒಳಗೆ ಗಟ್ಟಿ ಆಗೋಕೆ ಒಂದು ತಿಂಗಳು ಬೇಕು, ಅಲ್ಲಿ ತನಕ ಉಜ್ಜಿ ತೊಳೆಯೋದು ಬೇಡ. ಶಟರ್ ವಾಪಸ್ ಹಾಕೋಕೂ ಒಂದು ವಾರ ಬಿಡಿ.

ಉಳಿದ ಪೇಂಟಲ್ಲಿ ಒಂದು ಉಪ್ಪಿನಕಾಯಿ ಬಾಟಲಿನಷ್ಟು ಬಿಗಿಯಾಗಿ ಮುಚ್ಚಿ, ಬಣ್ಣದ ನಂಬರ್ ತಾರೀಖು ಬರೆದು, ಬೇಸ್‌ಮೆಂಟಲ್ಲಿ ಎತ್ತಿಡಿ, ಗ್ಯಾರೇಜಲ್ಲಿ ಇಟ್ರೆ ಚಳಿಗೆ ಹೆಪ್ಪುಗಟ್ಟಿ ಹಾಳಾಗುತ್ತೆ. ಅದು ಯಾಕೆ ಅಂದ್ರೆ, ಜನವರೀಲಿ ಒಂದಿನ ಹಿಮ ಕ್ಲೀನ್ ಮಾಡ್ತಾ ಗೋಡೆ ಕಡೆ ನೋಡ್ದೆ, ಎರಡು ಪ್ಯಾನೆಲ್ ಪಕ್ಕಪಕ್ಕ ಸೇರೋ ಜಾಗದಲ್ಲಿ ಅಲ್ಲಲ್ಲಿ ಬೆರಳ ಉಗುರಿನಷ್ಟು ತೆಳು ಬೀಜ್ ಗೆರೆ. ಚಳಿಗೆ ಪ್ಯಾನೆಲ್ ಕುಗ್ಗಿ, ನಾನು ಪೇಂಟ್ ಹೊಡೆದಾಗ ಅಡೀಲಿ ಅಡಗಿದ್ದ ಭಾಗ ಆಚೆ ಬಂದಿತ್ತು. 75 ಡಿಗ್ರಿ ದಿನ ಹೊಡೆದ ಪಶ್ಚಿಮದ ಗೋಡೇಲಿ ಜಾಸ್ತಿ, 58 ಡಿಗ್ರೀಲಿ ಹೊಡೆದ ಉತ್ತರದಲ್ಲಿ ಇಲ್ಲವೇ ಇಲ್ಲ ಅನ್ನೋ ಅಷ್ಟು. ಏಪ್ರಿಲ್‌ನಲ್ಲಿ 50 ದಾಟಿದ ಒಂದು ತಂಪು ಬೆಳಗ್ಗೆ, ಪ್ಯಾನೆಲ್ ಇನ್ನೂ ಹಿಗ್ಗೋ ಮುಂಚೆ, ಮಗಳ ಡ್ರಾಯಿಂಗ್ ಬ್ರಶ್ ತಗೊಂಡು ಆ ಗೆರೆಗಳಿಗೆಲ್ಲ ತೆಳ್ಳಗೆ ಹಚ್ಚಿದೆ, ಒಂದೂವರೆ ಗಂಟೆ ಕೆಲಸ. ಬ್ರಶ್ ಮಾತ್ರ ಹೊಸದು ಕೊಡಿಸ್ಬೇಕಾಯ್ತು.